ಹಲಸಿನ ಕಪಾಟು ಕೇಳಿದ ಪುಸ್ತಕ

ನೀಲಕಂಠಪ್ಪನ ಪುಸ್ತಕದಂಗಡಿಗೆ, ಕೇಳಿದ ಪುಸ್ತಕವನ್ನು ಕೇಳಿದ ಕೂಡಲೇ ಅಚ್ಚು ಹಾಕಿಕೊಡುವ ಯಂತ್ರವೊಂದು ಬಂತು. ಬಂದ ದಿನವೇ ಅದು ಹಲಸಿನ ಮರದ ಹಳೇ ಕಪಾಟಿಗೆ ಹೇಳಿತು: “ಅಜ್ಜಾ, ಯಾರೂ ಕೇಳದ ಪುಸ್ತಕವನ್ನು ನಾನು ಹಾಕುವುದಿಲ್ಲ. ಒಂದು ಹಾಳೆಯೂ ದಂಡವಾಗುವುದಿಲ್ಲ.”

ತಾನೂ ಒಂದು ಕಾಲಕ್ಕೆ ಮರವಾಗಿದ್ದ ಕಪಾಟಿಗೆ ಈ ಮಾತು ಹಿಡಿಸಿತು. “ಒಳ್ಳೇದಾಗಲಿ ಮಗು,” ಎಂದಿತು. ಆದರೂ ಹನ್ನೊಂದು ವರ್ಷದಿಂದ ತನ್ನಲ್ಲೇ ಉಳಿದಿದ್ದ, ಗುಬ್ಬಿಗಳ ಮೇಲಿನ ಪದ್ಯಪುಸ್ತಕದ ಕೊನೆಯ ಪ್ರತಿಯನ್ನು ನೆನೆದು ಅದಕ್ಕೆ ಕಸಿವಿಸಿಯಾಯಿತು. ಅದನ್ನು ಒಬ್ಬರೂ ಕೇಳಿರಲಿಲ್ಲ. ಬರೆದ ಮೇಷ್ಟ್ರು ಮಾತ್ರ ಆಗಾಗ ಬಂದು ಧೂಳು ಒರೆಸಿ ಹೋಗುತ್ತಿದ್ದರು.

ಅಷ್ಟರಲ್ಲಿ ಒಬ್ಬಾಕೆ ಬಂದು ಉಪ್ಪಿನಕಾಯಿ ಹಾಕುವ ಪುಸ್ತಕ ಬೇಕೆಂದಳು. ಯಂತ್ರ ಅದನ್ನು ಅಚ್ಚು ಹಾಕುವಷ್ಟು ಹೊತ್ತು ಸುಮ್ಮನೆ ನಿಲ್ಲಲಾರದೆ ಕಪಾಟಿನಲ್ಲಿ ಕೈಯಾಡಿಸಿದಳು. ಗುಬ್ಬಿಗಳ ಪುಸ್ತಕ ಸಿಕ್ಕಿತು. ಓದುತ್ತಾ ನಿಂತಲ್ಲೇ ನಕ್ಕಳು. ಎರಡನ್ನೂ ಕೊಂಡು ಹೋದಳು.

“ಅದನ್ನು ಆಕೆ ಕೇಳಿರಲೇ ಇಲ್ಲವಲ್ಲ!” ಎಂದಿತು ಯಂತ್ರ.

“ಕಣ್ಣಿಗೇ ಬೀಳದ್ದನ್ನು ಹೇಗೆ ಕೇಳುತ್ತಾಳೆ ಮಗು?” ಎಂದು ಕಪಾಟು ತನ್ನ ಖಾಲಿ ಜಾಗವನ್ನು ನೋಡಿಕೊಂಡಿತು.

ಯಂತ್ರಕ್ಕೆ ಪಾಪ ಅನ್ನಿಸಿತು. “ಇನ್ನೊಂದು ಪ್ರತಿ ಹಾಕಿಕೊಡುತ್ತಿದ್ದೆ, ಅಜ್ಜಾ. ಆದರೆ ಯಾರಾದರೂ ಕೇಳಬೇಕು.”

“ನಾನು ಕೇಳುತ್ತಿದ್ದೇನಲ್ಲ,” ಎಂದಿತು ಕಪಾಟು.