ಟೋರ್ನ್‌ಬರ್ಗ್ ಕೋಟೆಯ ಬಾಗಿಲು

"ಪ್ರಷ್ಯಾದ ಪ್ರಜೆಗಳೆಲ್ಲ ಕೇಳಿ! ಟೋರ್ನ್‌ಬರ್ಗ್ ಕೋಟೆಯನ್ನು ಶತ್ರುವಿಗೆ ಬಿಟ್ಟುಕೊಟ್ಟ ಜನರಲ್ ಫಾನ್ ಗ್ರಾಲ್ವಿಟ್ಸ್‌ಗೆ ಗುಂಡಿಕ್ಕಿ ಕೊಲ್ಲುವ ಶಿಕ್ಷೆಯಾಗಿದೆ. ಅದಕ್ಕೆ ಮೊದಲು ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಜನರಲ್ಲರ ಜೀವ, ಅವರ ಗ್ರಾಲ್ವಿಟ್ಸ್ ಜಮೀನು ಎರಡೂ ಸಿಗುತ್ತವೆ. ಒಂದು ತಪ್ಪಿದರೂ ಉತ್ತರ ಹೇಳಿದವನೇ ಮೊದಲು ಗುಂಡಿಗೆ ಎದೆಯೊಡ್ಡಿ ಗೋಡೆಗೆ ನಿಲ್ಲಬೇಕು."

ಡೋಲು ಬಡಿದು ಊರೂರಿಗೆ ಸಾರಿದ್ದು ಇಷ್ಟು. ಆ ಜನರಲ್ಲರು ಹಾಲುಹಲ್ಲು ಬೀಳುವ ವಯಸ್ಸಿಗೇ ಸೈನಿಕ ಶಾಲೆ ಸೇರಿದವರು. ಅಪ್ಪ, ಅಣ್ಣ ಇಬ್ಬರೂ ದೊರೆಯ ಯುದ್ಧಗಳಲ್ಲೇ ಹೋದರು. ಇವರು ಒಂದು ಕಾಲು ಕುಂಟಾದರೂ ಕುದುರೆ ಬಿಡಲಿಲ್ಲ. ಮದುವೆಯಾಗಲು ಪುರುಸೊತ್ತೇ ಸಿಗಲಿಲ್ಲ. ಇಂಥವರು ಬಾಗಿಲು ತೆರೆದದ್ದೇಕೆ ಎಂದು ನ್ಯಾಯಾಧೀಶರು ಕೇಳಿ ಕೇಳಿ ಸುಸ್ತಾದರು. "ತೆರೆದೆ" ಎಂಬುದನ್ನು ಬಿಟ್ಟು ಇನ್ನೊಂದು ಮಾತು ಮುದುಕರ ಬಾಯಿಂದ ಬರಲಿಲ್ಲ.

ಕವಾಯತಿನ ಮೈದಾನದಲ್ಲಿ ಜನ ಸೇರಿತು. ಸೋತು ಬಂದ ಕೋಟೆಯ ಸಿಪಾಯಿಗಳನ್ನು ಬಂದೂಕಿಲ್ಲದೆ ಒಂದು ಬದಿಗೆ ನಿಲ್ಲಿಸಿ, ಜನರಲ್ಲರನ್ನು ದೊರೆಯ ಕುರ್ಚಿಯ ಎದುರು ಕೂರಿಸಿದ್ದರು. ಮೊದಲು ಮುಂದೆ ಬಂದವನು ಜನರಲ್ಲರ ತಮ್ಮನ ಮಗ, ಲೆಬರೆಕ್ಟ್. ದೊಡ್ಡಪ್ಪನ ಮೇಲೆ ಪ್ರೀತಿ ಇತ್ತೋ ಇಲ್ಲವೋ, ಜಮೀನಿನ ಮೇಲಂತೂ ಇತ್ತು.

"ತೊಟ್ಟಿಲಲ್ಲಿರುವ ಕೂಸಿಗೆ ನಾನೊಂದು ಒಡವೆ ಕೊಡುತ್ತೇನೆ. ಬೇಡ ಎನ್ನಲು ತಾಯಿಗೆ ಅಧಿಕಾರವಿಲ್ಲ. ಕೂಸು ಬೆಳೆದಷ್ಟೂ ಆ ಒಡವೆ ಕಂಡು ಅವಳ ಎದೆ ಒಡೆಯುತ್ತದೆ. ಏನದು?" ಎಂದು ದೊರೆ ಕೇಳಿದ.

"ಮನೆತನದ ಬಿರುದು, ಮಹಾಪ್ರಭು."

"ಬಿರುದು ಕಂಡು ಯಾವ ತಾಯಿ ಅಳುತ್ತಾಳೆ?" ಎಂದು ದೊರೆ ಕೈ ಬೀಸಿದ. ಲೆಬರೆಕ್ಟ್ ನಗಲು ನೋಡಿದ, ಆಗಲಿಲ್ಲ. ಅವನನ್ನು ಎಳೆದೊಯ್ದರು. ಗುಂಡಿನ ಸದ್ದಿಗೆ ಜನರಲ್ಲರ ಹೆಗಲು ಕುಸಿಯಿತು.

"ದೊರೆಗಳೇ, ನನ್ನನ್ನು ಬೇಗ ಮುಗಿಸಿಬಿಡಿ. ಇನ್ಯಾರೂ ಬರುವುದು ಬೇಡ," ಎಂದರು.

ಆದರೂ ಮೇಜರ್ ಡೊಂಬ್ರಿನ್ ಬಂದ. ಸೈನಿಕ ಶಾಲೆಯಲ್ಲಿ ಜನರಲ್ಲರ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವನು, ಗೆಳೆಯನನ್ನು ಉಳಿಸಲೆಂದೇ ಬಂದಿದ್ದ.

"ಅದು ಕೆಂಪು ಕೊರಳಪಟ್ಟಿ," ಎಂದ. "ರೈತರ ಮನೆಯಲ್ಲಿ ಗಂಡು ಹುಟ್ಟಿದರೆ ಪಡೆಗೆ ಹೆಸರು ಬರೆದುಕೊಂಡು ಪಟ್ಟಿ ಕಟ್ಟುತ್ತೇವೆ. ಬೆಳೆದ ಮೇಲೆ ಅವನು ನಿಮ್ಮವನು, ತಾಯಿಯವನಲ್ಲ."

"ಸರಿ. ಒಂದು ಓಣಿಯಿದೆ. ಅದರ ಎರಡೂ ಗೋಡೆಗಳಿಗೆ ಕೈಗಳಿವೆ. ಒಳಗೆ ಹೋದವನು ಆ ಗೋಡೆಗಳನ್ನು ಹೆಸರು ಹಿಡಿದು ಕರೆಯಬಲ್ಲ, ಆದರೆ ಕರೆದು ಪ್ರಯೋಜನವಿಲ್ಲ."

"ಬೆತ್ತದ ಸಾಲು. ತಪ್ಪು ಮಾಡಿದ ಸಿಪಾಯಿಯನ್ನು ಅವನ ಜೊತೆಗಾರರ ನಡುವೆಯೇ ನಡೆಸುತ್ತೇವೆ. ಪ್ರತಿಯೊಬ್ಬನೂ ಹೊಡೆಯಲೇಬೇಕು."

ದೊರೆ ಕುರ್ಚಿಯಿಂದ ಮುಂದಕ್ಕೆ ಬಾಗಿದ. "ಟೋರ್ನ್‌ಬರ್ಗಿನ ಬಾಗಿಲನ್ನು ಫಿರಂಗಿ ಮುರಿಯಲಿಲ್ಲ, ಚಿನ್ನ ತೆರೆಸಲಿಲ್ಲ. ಹಾಗಾದರೆ ಯಾವುದು ತೆರೆಸಿತು? ಇದರ ಉತ್ತರ ನನಗೂ ಗೊತ್ತಿಲ್ಲ. ಸರಿಯಾದದ್ದು ಕಿವಿಗೆ ಬಿದ್ದರೆ ತಿಳಿಯುತ್ತದೆ."

ಮೇಜರ್ ಗೆಳೆಯನ ಮುಖ ನೋಡಿದ. "ಭಯ," ಎಂದ ಕೊನೆಗೆ.

"ಅವನಿಗೆ ಭಯ ಅನ್ನುವುದಿದ್ದಿದ್ದರೆ ಈ ಒಗಟೇ ಬೇಕಿರಲಿಲ್ಲ," ಎಂದ ದೊರೆ. ಮೇಜರನೂ ಗೋಡೆಗೆ ಹೋದ. ಜನರಲ್ಲರು ಈ ಸಲ ಎಲ್ಲರೆದುರೇ ಅತ್ತರು.

ಕೋಟೆಯಿಂದ ಬಂದ ಪ್ರತಿ ಸಿಪಾಯಿಗೂ ಉತ್ತರ ಗೊತ್ತಿತ್ತು. ಹೇಳಿದರೆ ಕೋಟೆಯೊಳಗಿನ ತಪ್ಪು ಹೊರಬಿದ್ದು ತಲೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ಯೋಸ್ಟ್, ಗ್ರಾಲ್ವಿಟ್ಸಿನ ನೇಕಾರನ ಮಗ. ಹಿಂದೊಮ್ಮೆ ಜನರಲ್ಲರ ಆಜ್ಞೆಯಿಂದಲೇ ಬೆತ್ತದ ಸಾಲಿನಲ್ಲಿ ನಡೆದವನು. ಮುದುಕ ಸಾಯಲಿ, ನನಗೇನು ಎಂದು ತನಗೆ ತಾನೇ ಹೇಳಿಕೊಂಡು ನೋಡಿದ. ಮನಸ್ಸು ಒಪ್ಪಲಿಲ್ಲ. ಸಾಲು ಬಿಟ್ಟು ಮುಂದೆ ಬಂದ.

"ಸಿಪಾಯಿ, ಹಿಂದಕ್ಕೆ ಹೋಗು. ಇದು ಆಜ್ಞೆ," ಎಂದು ಜನರಲ್ಲರು ಕೂಗಿದರು. ಯೋಸ್ಟ್ ನಿಲ್ಲಲಿಲ್ಲ.

"ಮೊದಲಿನ ಎರಡಕ್ಕೂ ಮೇಜರ್ ಸಾಹೇಬರು ಹೇಳಿದ್ದೇ ನನ್ನ ಉತ್ತರ, ಮಹಾಸ್ವಾಮಿ. ಪಟ್ಟಿ ನನ್ನ ಕೊರಳಲ್ಲೂ ಇತ್ತು, ಬೆತ್ತ ನನ್ನ ಬೆನ್ನ ಮೇಲೂ ಬಿದ್ದಿದೆ. ಮೂರನೆಯದು ಹಿಟ್ಟು."

"ಹಿಟ್ಟೇ?"

"ಕೂದಲಿಗೆ ಹಚ್ಚುವ ಹಿಟ್ಟು. ಕವಾಯತಿಗೆ ನಿಂತರೆ ತಲೆ ಬೆಳ್ಳಗಿರಬೇಕು ಅಂತ ತಮ್ಮ ಕಟ್ಟಪ್ಪಣೆ. ಶತ್ರು ಮುತ್ತಿಗೆ ಹಾಕಿದಾಗ ಕೋಟೆಯಲ್ಲಿ ಕುದುರೆ ತಿಂದೆವು, ಇಲಿ ತಿಂದೆವು. ಹಿಟ್ಟಿನ ಪೀಪಾಯಿ ಮಾತ್ರ ಮುಟ್ಟಲಿಲ್ಲ. ಪಕ್ಕದವನು ಹಸಿವಿನಿಂದ ಸತ್ತರೂ ಅವನ ತಲೆಗೆ ಹಿಟ್ಟು ಬಳಿದೇ ಹೂಳಿದೆವು. ಕಡೆಗೆ ಒಬ್ಬ ಕದ್ದು ತಿಂದ. ನಮ್ಮ ಒಡೆಯರ, ಜನರಲ್ ಸಾಹೇಬರ ಕೈಗೇ ಸಿಕ್ಕಿಬಿದ್ದ. ಹಿಟ್ಟು ಮೆತ್ತಿದ ಅವನ ಬಾಯಿ ನೋಡಿದರು, ಹಿಟ್ಟನ್ನೆಲ್ಲ ರೊಟ್ಟಿ ಮಾಡಿಸಿ ಹಂಚಿಬಿಟ್ಟರು. ಮಾರನೇ ದಿನ ಗೋಡೆ ಮೇಲೆ ಹಿಟ್ಟಿಲ್ಲದ ಬರೀ ತಲೆಯಲ್ಲಿ ನಿಂತೆವು. ಅಲ್ಲಿವರೆಗೆ ನಮ್ಮ ಬಿಳಿ ತಲೆ ನೋಡಿ, ಒಳಗೆ ಹಿಟ್ಟಿಗೆ ಬರವಿಲ್ಲ ಅಂದ್ಕೊಂಡು ಶತ್ರು ಡೇರೆ ಕಿತ್ತು ಹೊರಡೋಕಿದ್ದ. ದುರ್ಬೀನಿನಲ್ಲಿ ನಮ್ಮ ಕರಿ ತಲೆ ನೋಡಿದ. ಒಳಗೆ ಕಾಳಿಲ್ಲ ಅಂತ ತಿಳಿದು ಮತ್ತೆ ಡೇರೆ ಹಾಕಿದ. ಆಮೇಲೆ ಬಾಗಿಲು ತೆರೀದೆ ಬೇರೆ ದಾರಿ ಇರಲಿಲ್ಲ."

ದೊರೆ ಕುರ್ಚಿಯಿಂದ ಎದ್ದ. "ಕದ್ದವನು ಯಾರು?" ಎಂದ. ಸೈನ್ಯದ ಸಾಮಾನು ಕದ್ದವನಿಗೆ ಮರಣವೇ ಶಿಕ್ಷೆ.

"ನಾನೇ, ಮಹಾಸ್ವಾಮಿ."

"ತಪ್ಪು ಅವನದಲ್ಲ," ಎಂದು ಜನರಲ್ಲರು ಎದ್ದು ನಿಂತರು. "ಅಪ್ಪಣೆ ನನ್ನದು. ಕೊಲ್ಲುವುದಾದರೆ ನನ್ನನ್ನು ಕೊಲ್ಲಿ. ಇಷ್ಟು ದಿನ ಬಾಯಿ ಮುಚ್ಚಿಕೊಂಡದ್ದೇ ಇವನಿಗಾಗಿ."

ದೊರೆಯ ಮುಖ ಬಿಳಿಚಿತು. "ಉತ್ತರ ಸರಿ," ಎಂದ ಮೆಲ್ಲಗೆ. "ಕಳ್ಳತನದ ಶಿಕ್ಷೆ ಸಿಪಾಯಿಗೆ. ನೀನು ಈ ಗಳಿಗೆಯಿಂದ ಸಿಪಾಯಿಯಲ್ಲ, ಗ್ರಾಲ್ವಿಟ್ಸಿನ ಒಡೆಯ. ಅವನ ಜೀವವನ್ನೂ ತೆಗೆದುಕೊಂಡು ಹೋಗು. ಕತ್ತಿ, ಪದವಿ ಮಾತ್ರ ಇಲ್ಲೇ ಇರಲಿ."

ಊರ ಹೊರಗಿನ ದಾರಿಯಲ್ಲಿ ಇಬ್ಬರೂ ನಡೆದರು. ಮುದುಕರು ಕುಂಟುತ್ತ ಹಿಂದೆ ಬೀಳುತ್ತಿದ್ದರು. ಯೋಸ್ಟ್ ನಿಂತು ತೋಳು ಕೊಟ್ಟ. "ಹಿಡ್ಕೊಳ್ಳಿ, ಜನರಲ್ ಸಾಹೇಬರೇ."

"ಜನರಲ್ ಅನ್ನಬೇಡ. ಅದು ಹೋಯಿತು."

"ಒಡೆಯರೇ ಅನ್ನಲಾ?"

"ಒಡೆಯ ನೀನು."

"ಮತ್ತೆ ಏನಂತ ಕರೀಲಿ?"

ಸೈನಿಕ ಶಾಲೆ ಸೇರಿದಾಗಿನಿಂದ ಎಲ್ಲರೂ ಮುದುಕರನ್ನು ಪದವಿಯಿಂದಲೇ ಕರೆದಿದ್ದರು. ಒಗಟಿಗೆ ಸಿಕ್ಕಿದವರಂತೆ ಯೋಚಿಸಿದರು.

"ನಮ್ಮವ್ವ ಎವಾಲ್ಡ್ ಅನ್ನುತ್ತಿದ್ದಳು," ಎಂದು ಅವನ ತೋಳು ಹಿಡಿದರು.