ಕೈತಾನ ಕಾಂಡ್ಲಾ ಸಸಿ ಹಿಡಿದು ನಿಂತದ್ದು

ನಮ್ಮದು ಕಾಳಿ ನದಿಯ ದಂಡೆಯ ಹಳೆಯ ಮನೆತನ. ಇಗರ್ಜಿಯ ದೊಡ್ಡ ಗಂಟೆ ನನ್ನ ಮುತ್ತಜ್ಜ ಕೊಡಿಸಿದ್ದು. ನನ್ನ ತಂದೆ ಕಟ್ಟಿದ ನರ್ಸರಿಯಿಂದ ಸುತ್ತಲಿನ ಊರಿಗೆಲ್ಲ ಕಾಡುಮರಗಳ ಸಸಿ ಹೋಗುತ್ತದೆ. ನಮ್ಮ ಮನೆಯವರು ಬೀದಿಯಲ್ಲಿ ನಿಂತು ದನಿ ಎತ್ತಿದವರಲ್ಲ. ನಾನು, ಎರ್ಮೆಲಿಂದಾ ರೊಡ್ರಿಗಿಸ್, ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೆಟ್ಟಗೆ ಕೂತು ಕೇಳಿ.

ನರ್ಸರಿಯಲ್ಲಿ ನೀರು ಹಾಕುವ ಲುವಿಜಾಳಿಗೆ ಒಬ್ಬನೇ ಮಗ, ಕೈತಾನ. ಆಳೆತ್ತರ ಬೆಳೆದಿದ್ದಾನೆ, ಮೀಸೆ ಬಂದಿದೆ, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿದೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಹೇಳದ್ದನ್ನು ಮಾಡುವುದಿಲ್ಲ.

"ಬಾಯೀ, ನನ್ನ ಮೊಣಕಾಲು ಹೋಯಿತು," ಎಂದಳು ಲುವಿಜಾ ಒಂದು ದಿನ ನನ್ನ ಬಳಿ ಬಂದು. "ನಾನು ಮೂಲೆ ಹಿಡಿದ ಮೇಲೆ ಇವನಿಗೆ ಗಂಜಿ ಹಾಕುವವರು ಯಾರು?"

ನಾನು ಊರಿನ ಅರಣ್ಯ ಸಮಿತಿಯ ಅಧ್ಯಕ್ಷ ವಿಠೋಬ ಮಾಂಜ್ರೇಕರರಿಗೆ ಹೇಳಿದೆ. ಅವರು ಗಿಡ ನೆಡುವ ಕೆಲಸ ಕೊಟ್ಟರು. ಸರಿಬಂದರೆ ಖಾಯಂ, ಇಲ್ಲವಾದರೆ ಮನೆಗೆ.

ಮೊದಲು ಧೂಪದ ಸಸಿ. ಘಟ್ಟದ ದಟ್ಟ ಕಾಡಿನಲ್ಲಿ ನೆಡಬೇಕು. ಲುವಿಜಾ ಬುತ್ತಿ ಕಟ್ಟಿಕೊಟ್ಟು, "ಮಗಾ, ಗಿಡ ಬದುಕುವುದು ಬಿಸಿಲಿನಿಂದ. ಒಳ್ಳೆಯ ಬಿಸಿಲು ನೋಡಿ ನೆಡು," ಎಂದಳು.

ಕೈತಾನ ಕಾಡಿಗೆ ಹೋದ. ಅಲ್ಲಿ ಬಿಸಿಲೇ ಇರಲಿಲ್ಲ. ತಿರುಗಿ ಬಂದು ಬೋಳುಬಂಡೆಯ ಪಕ್ಕದ ಜಂಬಿಟ್ಟಿಗೆ ನೆಲದಲ್ಲಿ ನೆಟ್ಟ. ವಾರದೊಳಗೆ ಸಸಿಗಳು ಸುಟ್ಟ ಹಪ್ಪಳವಾದವು.

"ನನ್ನ ದೇವರೇ, ಎಂಥವನನ್ನು ಹೆತ್ತೆ," ಎಂದಳು ಲುವಿಜಾ. "ಧೂಪದ ಸಸಿ ದೊಡ್ಡ ಮರಗಳ ಕೆಳಗೆ ವರ್ಷಗಟ್ಟಲೆ ಸುಮ್ಮನೆ ಕಾಯುತ್ತದೆಯಂತೆ. ತಲೆಯ ಮೇಲೆ ನೆರಳು ಬೇಕು, ನೆರಳು."

"ಆಯ್ತು ಮಾಯ್. ನೆರಳು."

ಆಮೇಲೆ ಉಪ್ಪಳಿಗೆ ಸಸಿ. ಗಾಳಿಗೆ ದೊಡ್ಡ ಮರ ಉರುಳಿ ಕಾಡಿನ ಮಾಡು ತೆರೆದುಕೊಂಡ ಜಾಗದಲ್ಲಿ ನೆಡಬೇಕು. ಕೈತಾನ ನೆಟ್ಟ. ತಲೆ ಎತ್ತಿ ನೋಡಿದ, ಬರೀ ಆಕಾಶ. ಮನೆಗೆ ಓಡಿ, ತಾಯಿ ಭಾನುವಾರದ ಪೂಜೆಗೆ ಉಡುವ ಸೀರೆ ತಂದು ಚಪ್ಪರ ಕಟ್ಟಿದ. ಸಸಿಗಳು ಹಳದಿಯಾಗಿ, ದಾರದ ಹಾಗೆ ಸಪೂರವಾಗಿ, ಒಂದರ ಮೇಲೊಂದು ಒರಗಿದವು. ಸೀರೆಯನ್ನು ಗೆದ್ದಲು ತಿಂದಿತು.

ಈ ಸಲ ಬೈದದ್ದು ನಾನು. "ಕೈತಾನಾ, ಇದು ಬೆಳಕಿನ ಕೂಸು. ಬೇರೆ ಗಿಡ ಮೇಲೆ ಬರುವ ಮೊದಲು ಬಿಸಿಲು ಕುಡಿದು ಸರಸರ ಬೆಳೆಯಬೇಕು. ಹುಲ್ಲು, ಬಳ್ಳಿ, ಸುತ್ತ ಏನಿದ್ದರೂ ತೆಗೆ. ಬುಡದ ಸುತ್ತ ಏನೂ ಇರಬಾರದು."

"ಆಯ್ತು ಬಾಯೀ. ಏನೂ ಇರಬಾರದು."

ಅದರ ನಂತರ ಕಾಡುಜಾಯಿಕಾಯಿ. ಅದು ಕಣಿವೆಯ ಜೌಗಿನ ಮರ, ನಿಂತ ನೀರಿನಲ್ಲೇ ಅದರ ಸಂಸಾರ. ಕೈತಾನ ಸಸಿ ನೆಟ್ಟ, ಸುತ್ತ ನೋಡಿದ. ಹುಲ್ಲಿಲ್ಲ, ಬಳ್ಳಿಯಿಲ್ಲ, ನೀರಿದೆ. ಕಾಲುವೆ ಕಡಿದ, ಬುತ್ತಿಯ ಡಬ್ಬಿಯಿಂದ ಮೊಗೆದ, ಇಡೀ ಜೌಗನ್ನು ಬಸಿದ. ಕೆಸರು ಬಿರುಕುಬಿಟ್ಟಿತು. ಸಸಿ ತಲೆ ಇಳಿಬಿಟ್ಟಿತು.

"ಯಾಕೋ ಹೀಗೆ ಮಾಡಿದೆ?" ಎಂದು ಮಾಂಜ್ರೇಕರರು ಕೇಳಿದರು.

"ಬುಡದ ಸುತ್ತ ನೀರಿತ್ತು ಸಾಹೇಬ್ರೇ. ತೆಗೆದೆ."

"ಕತ್ತೆ! ಇದರ ಬೇರು ಕೆಸರಿನಿಂದ ಮೊಣಕಾಲು ಮಡಚಿ ಮೇಲೆ ಬಂದು ಉಸಿರಾಡುತ್ತದೆ. ಬುಡ ನೀರಲ್ಲೇ ಇರಬೇಕು, ತಿಳಿಯಿತೋ?"

"ತಿಳಿಯಿತು. ನೀರಲ್ಲೇ."

ಮುಂದಿನ ಕೆಲಸ ಒಣಗುಡ್ಡದಲ್ಲಿ, ಮತ್ತಿ ಸಸಿ. ಕೈತಾನ ಹಳ್ಳದಿಂದ ಕೊಡ ಹೊತ್ತ, ಗುಡ್ಡ ಹತ್ತಿದ, ಇಳಿದ, ಹತ್ತಿದ. ಒಂದೊಂದು ಸಸಿಗೂ ಮಣ್ಣಿನ ಕಟ್ಟೆ ಕಟ್ಟಿ ಕೆರೆ ಮಾಡಿದ. ಹೆಗಲು ಸುಲಿದು ರಕ್ತ ಬಂತು. ಬೇರು ಕೊಳೆತು ನಾರಿತು.

ಲುವಿಜಾ ಹೆಗಲಿಗೆ ಎಣ್ಣೆ ಹಚ್ಚುತ್ತ ಬೈದಳು. "ಮತ್ತಿ ಸಸಿ ಬೇಸಿಗೆಗೆ ಒಣಗುತ್ತದೆ, ಬೆಂಕಿಗೆ ಕರಕಾಗುತ್ತದೆ. ಸತ್ತ ಹಾಗೆ ಕಂಡರೂ ಬೇರಿನಲ್ಲಿ ಜೀವ ಇಟ್ಟುಕೊಂಡು ಮಳೆಗೆ ಚಿಗುರುತ್ತದೆ. ಏನೇ ಆಗಲಿ, ನೀನು ಕೈ ಹಚ್ಚಬೇಡ ಮಗಾ. ನೋಡುತ್ತಾ ಇರು, ಸಾಕು."

"ಆಯ್ತು ಮಾಯ್. ನೋಡುತ್ತಾ ಇರುತ್ತೇನೆ."

ಕೊನೆಗೆ ಕಾಂಡ್ಲಾ, ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರ. ಇದರ ಬೀಜ ತಾಯಿಮರದಲ್ಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾದ ಮೇಲೆ ಕೆಸರಿಗೆ ಬೀಳುತ್ತದೆ. ಬೇರು ಕಚ್ಚಿದರೆ ಉಳಿಯಿತು, ಇಲ್ಲವಾದರೆ ಉಬ್ಬರದ ಪಾಲು. ಕೈತಾನ ಸಾಲಾಗಿ ನೆಟ್ಟು ದಂಡೆಯಲ್ಲಿ ಕೂತ. ನೀರು ಏರಿತು. ಸಸಿಗಳು ಒಂದೊಂದಾಗಿ ಎದ್ದು ಸಮುದ್ರಕ್ಕೆ ಹೊರಟವು. ಅವನು ಕೈ ಕಟ್ಟಿಕೊಂಡು ನೋಡಿದ.

ಮಾಂಜ್ರೇಕರರು ಹಲ್ಲು ಕಡಿದರು. "ನಾಳೆ ಕಾರವಾರದಿಂದ ಅರಣ್ಯ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ. ಇದು ಕಡೆಯ ಸಲ. ಇನ್ನೊಮ್ಮೆ ನೆಡು. ಬೇರು ಕಚ್ಚುವ ತನಕ ಕೈ ಬಿಡಬೇಡ. ಬಿಟ್ಟರೆ ನಿನ್ನ ಕೆಲಸವೂ ಹೋಯಿತು."

"ಆಯ್ತು. ಕೈ ಬಿಡುವುದಿಲ್ಲ."

ಮರುದಿನ ದೋಣಿಯಲ್ಲಿ ಸಾಹೇಬರು ಬಂದರು, ಪಕ್ಕದಲ್ಲಿ ಮಾಂಜ್ರೇಕರರು. ಉಬ್ಬರ ತುಂಬಿತ್ತು. ನಾನೂ ಲುವಿಜಾಳೂ ದಂಡೆಯಲ್ಲಿದ್ದೆವು. ಕಾಂಡ್ಲಾ ಸಾಲು ಇರಬೇಕಾದಲ್ಲಿ ನೀರಿನ ಮೇಲೆ ಒಂದು ತಲೆ ಕಂಡಿತು. ಗಲ್ಲದವರೆಗೆ ನೀರು. ಮೀಸೆಗೆ ಪಾಚಿ.

"ಯಾರದು?" ಎಂದರು ಸಾಹೇಬರು.

"ಕೈತಾನ," ಎಂದಿತು ತಲೆ.

"ಏನು ಮಾಡುತ್ತಿದ್ದೀಯಾ?"

"ಬಗ್ಗಿ ಸಸಿ ಹಿಡಿದಿದ್ದೇನೆ. ಕೈ ಎರಡೇ ಇವೆ, ಸಸಿಯೂ ಎರಡೇ. ಉಳಿದವು ಹೋದವು."

"ಮೇಲೆ ಬಾರೋ!"

"ಬೇರು ಕಚ್ಚಿಲ್ಲ ಸಾಹೇಬ್ರೇ. ನೀವು ಮುಂದೆ ಹೋಗಿ. ದೋಣಿಯ ಅಲೆಗೆ ಸಸಿ ಅಲ್ಲಾಡುತ್ತದೆ."

ದೋಣಿಯವರು ನಕ್ಕರು. ಅಧ್ಯಕ್ಷರೂ ನಕ್ಕರು. "ನಮ್ಮ ಊರಿನ ಹುಚ್ಚ, ಸರ್. ಇಂಥದ್ದನ್ನು ಹೆತ್ತ ತಾಯಿಗೇ ನಾಚಿಕೆಯಿಲ್ಲ," ಎಂದರು, ದಂಡೆಗೆ ಕೇಳುವ ಹಾಗೆ. ಅಲ್ಲೇ ಅವನ ಕೆಲಸ ತೆಗೆದರು.

ಲುವಿಜಾ ಕೆಟ್ಟ ಮೊಣಕಾಲಿನಲ್ಲೇ ನೀರಿಗಿಳಿದು ಮಗನ ಬೆನ್ನಿಗೆ ಆನಿಕೊಂಡು ನಿಂತಳು. ನೀರು ಇಳಿಯುವ ತನಕ ಇಬ್ಬರೂ ಕದಲಲಿಲ್ಲ.

ಕೈತಾನ ಇನ್ನು ನಮ್ಮ ನರ್ಸರಿಯಲ್ಲೇ ಇರುತ್ತಾನೆ. ಅವನ ಗಂಜಿಯ ಚಿಂತೆ ಯಾರಿಗೂ ಬೇಡ. ಆದರೆ ಕೈ ಬಿಡಬೇಡ ಎಂದವರು ಅಧ್ಯಕ್ಷರು, ಬಿಡದೆ ನಿಂತವನು ಅವನು, ಬೈಗುಳ ತಿಂದವಳು ಅವನ ತಾಯಿ. ವಿಠೋಬ ಮಾಂಜ್ರೇಕರರು ಲುವಿಜಾಳ ಅಂಗಳಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಅವಳ ಕ್ಷಮೆ ಕೇಳತಕ್ಕದ್ದು.