ಇತ್ತಾಯಿಗುಡ್ಡಕ್ಕೆ ಓಗೊಡುವವರು

ಕೋಡಿಬೇಲೆಯಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆಯ ಬಲದಂಡೆಯ ಮೇಲೆ ಒಂದು ಗಿಡ್ಡನೆಯ ಗುಡ್ಡವಿದೆ. ಘಟ್ಟದ ಮೇಲಿನಿಂದ ಬಂದವರು ಅದನ್ನು ನೋಡಿ, ಇದನ್ನು ಗುಡ್ಡವೆಂದು ಕರೆಯಲು ನಿಮಗೆ ಧೈರ್ಯ ಹೇಗೆ ಬಂತು ಎಂದು ನಗುವುದುಂಟು. ಮುರಕಲ್ಲಿನ ಮೈ, ಅಲ್ಲಲ್ಲಿ ಗೇರುಗಿಡ, ನೆತ್ತಿಯ ಮೇಲೆ ಚಪ್ಪಟೆಯಾದ ಒಂದು ಬಂಡೆ, ಅಷ್ಟೇ. ಇದರ ಹೆಸರು ಇತ್ತಾಯಿಗುಡ್ಡ. ಅದೇ ಹೆಸರಿನ ಗಂಡುಮಕ್ಕಳು ಈ ಊರಲ್ಲಿ ಎಲ್ಲಿ ತಿರುಗಿದರೂ ಸಿಗುತ್ತಾರೆ. ಅಂಬಿಗರ ಕೇರಿಯಲ್ಲಿ ಮೋಟು ಇತ್ತಾಯಿ, ಚಿನ್ನದ ಕೆಲಸದ ಸೊನಗಾರರ ಮನೆಯಲ್ಲಿ ಕನ್ನಡಕದ ಇತ್ತಾಯಿ, ಮಸೀದಿ ಪಕ್ಕದ ಅಂಗಡಿಯಲ್ಲಿ ಬೆಲ್ಲದ ಇತ್ತಾಯಿ. ಶಾಲೆಗೆ ಹೊಸದಾಗಿ ಬಂದ ಮಾಸ್ತರರು ಒಬ್ಬನನ್ನು ಕರೆದರೆ ಅರ್ಧ ತರಗತಿ ಎದ್ದು ನಿಲ್ಲುತ್ತದೆ. ಹೆಸರಿನಲ್ಲಿ ತಾಯಿ ಎಂಬ ಮಾತು ಅಡಗಿದೆ, ಹಾಗಾಗಿ ಇದು ಯಾವುದೋ ದೇವಿಯ ಹೆಸರು ಎಂದು ಹೇಳುವ ಪಂಡಿತರೂ ಇದ್ದಾರೆ. ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇದು ಹೀಬ್ರೂ ಭಾಷೆಯ ಹೆಸರು. ನನ್ನ ಜೊತೆಗೆ ಎಂದು ಅದರ ಅರ್ಥವಂತೆ. ಆ ಭಾಷೆಯವರಲ್ಲಿಯೂ ಆಗ ಅಪರೂಪವಾಗಿದ್ದ ಹೆಸರು ಈ ಮರಳುದಂಡೆಗೆ ಬಂದದ್ದು ಮಾದೇವಿ ಎಂಬ ಹೆಂಗಸಿನ ಕಳವಳದಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಅಳಿವೆಗೆ ದೂರದ ಹಾಯಿಹಡಗುಗಳು ಕಾಳುಮೆಣಸಿಗಾಗಿ ಬರುತ್ತಿದ್ದ ಕಾಲದಲ್ಲಿ, ಗುಡ್ಡದ ಬುಡದ ಗುಡಿಸಲಿನಲ್ಲಿ ದೋಣಿ ನಡೆಸುವ ಜಟ್ಟಿ ಮತ್ತು ಅವನ ಹೆಂಡತಿ ಮಾದೇವಿ ಇದ್ದರು. ಮಾದೇವಿ ಹೆತ್ತ ಎರಡು ಗಂಡುಕೂಸುಗಳು ಹಲ್ಲು ಮೂಡುವ ಮೊದಲೇ ತೀರಿಹೋಗಿದ್ದವು. ಮೂರನೆಯದು ಹುಟ್ಟಿದಾಗ ಊರಿನ ಹಿರಿಯ ಹೆಂಗಸರು, ಈ ಕೂಸನ್ನಾದರೂ ತವುಡಿಗೆ ಮಾರು ಎಂದರು. ಮಕ್ಕಳು ಉಳಿಯದ ಮನೆಯವರು ಕೂಸನ್ನು ಹೊರಗಿನವನೊಬ್ಬನಿಗೆ ಒಂದು ಹಿಡಿ ತವುಡಿಗೆ ಮಾರಿಬಿಡುತ್ತಿದ್ದರು. ಕೊಂಡವನೇ ಹೆಸರಿಡಬೇಕು. ಆಮೇಲೆ ತಾಯಿ ಅವನ ಮಗುವನ್ನು ಅವನ ಪರವಾಗಿ ಸಾಕಿದ ಹಾಗೆ ಸಾಕಬೇಕು. ಈ ಮನೆಯಲ್ಲಿ ಇವರ ಮಗುವೇ ಇಲ್ಲವಲ್ಲ ಎಂದು ಸಾವು ಬಾಗಿಲಿನಿಂದಲೇ ಹಿಂದಿರುಗುತ್ತದೆ ಎಂಬ ನಂಬಿಕೆ. ಆ ವರ್ಷ ಊರಿನಲ್ಲಿದ್ದ ಹೊರಗಿನವನೆಂದರೆ ಮೆನಾಹೇಮ ಸೇಟ ಒಬ್ಬನೇ. ಏಡನ್ ಕಡೆಯ ಯೆಹೂದಿ ವ್ಯಾಪಾರಿ; ಹಲವು ಸಲ ಬಂದುಹೋಗಿ ನಮ್ಮ ಮಾತನ್ನು ಹೇಗೋ ಕಲಿತಿದ್ದ. ಮಳೆ ಹಿಡಿದು ಹಡಗುಗಳಿಗೆ ಅಳಿವೆ ಮುಚ್ಚುವ ಹೊತ್ತಾದರೂ ತನ್ನೂರಿಗೆ ಹೋಗದೆ ಮೆಣಸಿನ ಕೋಠಿಯಲ್ಲೇ ಉಳಿದುಬಿಟ್ಟಿದ್ದ. ತನ್ನ ಹಿಂದೆ ಹೊರಟ ಹಡಗಿನಲ್ಲಿ ಬರಬೇಕಾದ ಸರಕಿಗೆ ಕಾಯುತ್ತಿದ್ದಾನೆಂದು ಜನ ತಿಳಿದಿದ್ದರು. ಸಂಜೆಯಾದರೆ ಕಂಬಳಿ ಹೊದ್ದು ಗುಡ್ಡ ಹತ್ತುತ್ತಿದ್ದ. ಮಾದೇವಿ ಕೂಸನ್ನು ಅವನ ಮಡಿಲಿಗೆ ಹಾಕಿದಾಗ ಅವನು ತವುಡು ಕೊಟ್ಟ, ಹೆಸರು ಕೇಳಿದರೆ ಕಡಲಿನ ಕಡೆ ತಿರುಗಿದ. ಕೊನೆಗೆ ಕೂಸಿನ ಮುಖ ನೋಡುತ್ತ, ಇತ್ತಾಯಿ ಎಂದ.

ಆ ಮಳೆಗಾಲ ಪೂರ್ತಿ ಮಾದೇವಿ ಕೂತಲ್ಲಿ ಕೂರಲಿಲ್ಲ. ಒಲೆಯ ಮೇಲೆ ಗಂಜಿ ಇಟ್ಟು ತೊಟ್ಟಿಲಿಗೆ ಓಡುವಳು, ಕೂಸಿನ ಎದೆಗೆ ಕಿವಿ ಇಡುವಳು, ಉಸಿರು ಕೇಳಿದ ಮೇಲೆ ಒಲೆಗೆ ಬರುವಳು. ಬಂದ ಕೂಡಲೇ ತಾನು ಕೇಳಿದ್ದು ಉಸಿರೋ ಮಳೆಯ ಸದ್ದೋ ಎಂಬ ಅನುಮಾನ. ಜಟ್ಟಿ ಬೈದ, ಅತ್ತೆ ಬೈದಳು, ಗಂಜಿ ದಿನಾ ಸೀದಿತು. ಕೂಸು ಮಾತ್ರ ಕೈಕಾಲು ಆಡಿಸುತ್ತ ಬೆಳೆಯಿತು. ಮಳೆ ಇಳಿಮುಖವಾದ ಒಂದು ಸಂಜೆ ಅವಳು ಒಲೆಗೆ ಪುರಲೆ ಕಡ್ಡಿ ಆರಿಸಲು ಗುಡ್ಡ ಹತ್ತಿದಳು. ಅಷ್ಟು ದಿನ ಗಾಳಿಮಳೆಯ ಅಬ್ಬರದಲ್ಲಿ ಯಾರಿಗೂ ಕೇಳಿಸದಿದ್ದುದು ಅಂದು ಅವಳಿಗೆ ಕೇಳಿಸಿತು. ಸೇಟ ಬಂಡೆಯ ಮೇಲೆ ನಿಂತು, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದುಕೊಂಡು, ಕಡಲಿನ ಕಡೆಗೆ ಕೂಗುತ್ತಿದ್ದ: "ಇತ್ತಾಯೀ!"

ಮಾದೇವಿಯ ಕೈಯ ಪುರಲೆ ಕೆಳಗೆ ಬಿತ್ತು. "ಅಲ್ರಾ ಸೇಟ್ರೇ, ನನ್ ಕೂಸು ಕೆಳಗೆ ತೊಟ್ಲಲ್ಲಿ ಅದೆ. ಕಡಲಿಗೆ ಮುಖ ಮಾಡಿ ಎಂತಕ್ಕೆ ಕೂಗ್ತ್ರಿ?"

ಸೇಟ ಹೆದರಿದವನಂತೆ ತಿರುಗಿ ನೋಡಿದ. ಆಗ ಅವನು ನಿಜ ಹೇಳಿದ: ಕಾಯುತ್ತಿದ್ದುದು ಸರಕಿಗಲ್ಲ. ಹಿಂದೆ ಹೊರಟ ಹಡಗಿನಲ್ಲಿ ಅವನ ಒಬ್ಬನೇ ಮಗ ಬರಬೇಕಿತ್ತು. ಆ ಹಡಗು ಯಾವ ಬಂದರಿಗೂ ಬಂದ ಸುದ್ದಿ ಇರಲಿಲ್ಲ. ಮಗನ ಹೆಸರು ಇತ್ತಾಯಿ.

"ಸತ್ತವನ ಹೆಸರು ನನ್ ಕೂಸಿಗೆ ಇಟ್ರಾ?" ಎಂದು ಮಾದೇವಿ ಕಿರುಚಿದಳು.

"ಸತ್ತ ಅಂತ ನನಗೆ ಯಾರೂ ಹೇಳಿಲ್ಲ, ತಂಗಿ."

"ಬದುಕಿದಾನೆ ಅಂತ ಯಾರು ಹೇಳಿದ್ರು?"

ಮಾದೇವಿಗೆ ಮೈಯೆಲ್ಲ ಉರಿಯಿತು. ಸಾವಿನ ಕಣ್ಣು ತಪ್ಪಿಸಲೆಂದು ಬೇಡಿ ಪಡೆದ ಹೆಸರು ಸಾವಿಗೆ ಮೊದಲೇ ಗೊತ್ತಿದ್ದ ಹೆಸರಾಗಿತ್ತು! ಮರುದಿನ ಬೆಳಿಗ್ಗೆ ಅವಳು ತೆಗೆದಿಟ್ಟಿದ್ದ ಆ ಹಿಡಿ ತವುಡನ್ನು ಸೆರಗಿನಲ್ಲಿ ತಂದು, ಅವನು ದಿನಾ ನಿಲ್ಲುವ ಬಂಡೆಯ ಮೇಲೆ ಸುರಿದು, ವ್ಯಾಪಾರ ಮುರಿಯಿತು ಎಂದು ಹೇಳಿ ಇಳಿದಳು. ಅಂದಿನಿಂದ ಕೂಸನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಸೇಟ ಗುಡ್ಡ ಹತ್ತುತ್ತಲೇ ಇದ್ದ, ಆದರೆ ಕೂಗುವುದನ್ನು ಬಿಟ್ಟ. ಒಬ್ಬ ತಾಯಿಯ ಕಣ್ಣೀರು ತಾಗುತ್ತದೆಂದು ಆ ಮನುಷ್ಯ ತನ್ನ ಮಗನನ್ನು ಕರೆಯದೆ ಹೇಗೆ ಇದ್ದನೋ, ಅವನ ಸಂಕಟ ಅವನಿಗೇ ಗೊತ್ತು.

ಅದೇ ವಾರ ಕೂಸಿಗೆ ಜ್ವರ ಬಂತು. ಹಾಲು ಬಿಟ್ಟಿತು, ಅಳುವುದನ್ನೂ ಬಿಟ್ಟಿತು. ಮೊದಲಿನ ಎರಡು ಕೂಸುಗಳೂ ಹೀಗೆಯೇ ಅಳು ನಿಲ್ಲಿಸಿದ್ದವು. ಮಾದೇವಿ ಬಾಗಿಲಿಗೂ ತೊಟ್ಟಿಲಿಗೂ ನಡುವೆ ಸುತ್ತಿದಳು. ಹೆಸರಿದ್ದಾಗ ಕೂಸು ಚೆನ್ನಾಗಿತ್ತು. ಅದನ್ನು ಕಿತ್ತುಕೊಂಡವಳು ತಾನೇ. ಹೆಸರಿಲ್ಲದ ಕೂಸು ಯಾರ ಕರೆಗೆ ಹಿಂದಿರುಗಿ ನೋಡಬೇಕು? ಸಂಜೆಯ ಹೊತ್ತಿಗೆ ಅವಳು ಕೂಸನ್ನು ಜಟ್ಟಿಯ ಮಡಿಲಿಗೆ ಹಾಕಿ, ಬಿಚ್ಚಿದ ಕೂದಲಲ್ಲೇ ಗುಡ್ಡ ಹತ್ತಿ ಓಡಿದಳು. ಸೇಟ ಬಂಡೆಯ ಮೇಲೆ ಕೂತಿದ್ದ.

"ಕೂಗ್ರಾ ಸೇಟ್ರೇ" ಎಂದಳು.

"ಯಾರನ್ನು?"

"ಇಬ್ರನ್ನೂ."

ಸೇಟ ಎದ್ದ. ಮೊದಲ ಕೂಗು ಅರ್ಧಕ್ಕೇ ನಿಂತಿತು. ಆಗ ಮಾದೇವಿಯೇ ಅವನ ಪಕ್ಕ ನಿಂತು, ಒಮ್ಮೆ ಕಡಲಿನ ಕಡೆಗೆ, ಒಮ್ಮೆ ತನ್ನ ಗುಡಿಸಲಿನ ಕಡೆಗೆ, ಆ ಹೆಸರನ್ನು ಕೂಗಿದಳು. ಕಡಲಿನಿಂದ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಗುಡಿಸಲಿನಿಂದ ಕೂಸಿನ ಅಳು ಕೇಳಿತು. ಸಣ್ಣದಾಗಿ ಶುರುವಾಗಿ ಕೇರಿಗೆಲ್ಲ ಕೇಳುವಷ್ಟು ಜೋರಾಯಿತು ಎನ್ನುತ್ತಾರೆ. ಮಾದೇವಿ ನೆಲಕ್ಕೆ ಕುಸಿದು ಅತ್ತಳು. ಸೇಟನೂ ಅತ್ತ, ಅವನು ಯಾವ ಕಾರಣಕ್ಕೆ ಅತ್ತನೆಂದು ಅವಳು ಕೇಳಲಿಲ್ಲ.

ಅಳಿವೆ ತೆರೆದು ಮೊದಲ ಹಡಗು ಬಂದಾಗ ಸೇಟ ಮಗನನ್ನು ಬಂದರು ಬಂದರಿನಲ್ಲಿ ಹುಡುಕುತ್ತೇನೆಂದು ಹೊರಟುನಿಂತ. ಹೊಸದಾಗಿ ಒಂದು ಹಿಡಿ ತವುಡು ಮಾದೇವಿಯ ಸೆರಗಿಗೆ ಹಾಕಿದ. "ನಾನಿಲ್ಲದಾಗ ಅವನು ಬಂದರೆ, ಇಲ್ಲಿ ಅವನ ಹೆಸರು ಹಿಡಿದು ಕರೆಯುವವರು ಇರಲಿ, ತಂಗಿ" ಎಂದ. ಮಾದೇವಿ ಒಪ್ಪಿದಳು. ಸೇಟ ಮತ್ತೆ ಬರಲಿಲ್ಲ. ಅವನ ಮಗನೂ ಬರಲಿಲ್ಲ. ಮಾದೇವಿ ಮಾತ್ರ ದಿನಾ ಸಂಜೆ ಗುಡ್ಡ ಹತ್ತಿ ಕೂಗಿದಳು. ಅವಳ ಮಗ ಎಲ್ಲೇ ಆಡುತ್ತಿದ್ದರೂ "ಓ" ಎಂದು ಓಗೊಡುತ್ತಿದ್ದ. ಮಗ ಬೆಳೆದು ಮೀನಿಗೆ ಹೋಗತೊಡಗಿದ ಮೇಲೆ ಒಂದು ಸಂಜೆ ಅವಳು ಕೂಗಿದಾಗ ಅವನ ದೋಣಿ ಇನ್ನೂ ಕಡಲಿನಲ್ಲೇ ಇತ್ತು, ಯಾರೂ ಓಗೊಡಲಿಲ್ಲ. ಅಂದು ಕತ್ತಲಾದರೂ ಗುಡ್ಡ ಇಳಿಯದೆ ಅತ್ತಿಂದಿತ್ತ ತಿರುಗಿದ ಅವಳ ಪಾಡು ನೋಡಲಾರದೆ, ಪಕ್ಕದ ಮನೆಯ ಬಸುರಿ ಹೆಂಗಸು, ನನಗೆ ಗಂಡಾದರೆ ಅದೇ ಹೆಸರಿಡುತ್ತೇನೆ, ಒಬ್ಬ ಕಡಲಿಗೆ ಹೋದರೆ ಇನ್ನೊಬ್ಬ ಓಗೊಡಲಿ ಎಂದಳಂತೆ. ಹಾಗೆ ಶುರುವಾದದ್ದು ಕೇರಿಯಿಂದ ಕೇರಿಗೆ ಹಬ್ಬಿತು. ಜಾತಿ ಮತ ಯಾರೂ ಕೇಳಲಿಲ್ಲ. ಕರೆದಾಗ ಊರಿನಲ್ಲಿ ಒಬ್ಬನಾದರೂ ಇರಬೇಕು, ಅಷ್ಟೇ ಲೆಕ್ಕ.

ಈಗಲೂ ಗುಡ್ಡ ಹತ್ತಿದವರಿಗೆ ಬಂಡೆಯ ಮೇಲೆ, ಆ ಹೆಸರಿಟ್ಟ ತಾಯಂದಿರು ಇಟ್ಟ ಹಿಡಿ ತವುಡು ಕಾಣುತ್ತದೆ, ಅದನ್ನು ಹೆಕ್ಕುವ ಗುಬ್ಬಿಗಳೂ ಕಾಣುತ್ತವೆ. ಸಂಜೆ ಯಾರಾದರೊಬ್ಬ ಹೆಂಗಸು ಬಂದು ಕೂಗುತ್ತಾಳೆ. ಬೇಲೆಯ ಮರಳಿನಿಂದ, ದೋಣಿಯಿಂದ, ಅಂಗಡಿಯ ಕಟ್ಟೆಯಿಂದ, ಒಡೆದ ಗಂಟಲಿನ ಮುದುಕನಿಂದ, ಹಾಲುಹಲ್ಲಿನ ಪೋರನಿಂದ, ಓ, ಓ ಎಂಬ ಉತ್ತರ ಬರುತ್ತದೆ. ನೋಡಲು ಬಂದವರು ನಕ್ಕು, ಫೋಟೊ ತೆಗೆದು, ಇಳಿಯಲು ಹೊರಡುತ್ತಾರೆ. ಕೂಗಿದವಳು ಇಳಿಯುವುದಿಲ್ಲ. ಊರಿನವರೆಲ್ಲ ಓಗೊಟ್ಟು ಮುಗಿದ ಮೇಲೂ ಅವಳು ಕಡಲಿನ ಕಡೆಗೆ ತಿರುಗಿ, ಇನ್ನೂ ಒಂದು ದನಿ ಬಾಕಿಯಿದೆ ಎಂಬಂತೆ, ಸ್ವಲ್ಪ ಹೊತ್ತು ನಿಲ್ಲುತ್ತಾಳೆ.